ತುಟಿ ಕೂಡುವ ಮಾತು

ಕೊಳವೆ ಬಾಗಿದ ಕಡೆ ನಿಂತ ನೀರಹನಿಗಳು ಗಾಳಿ ಬಂದಾಗೊಮ್ಮೆ ಮುಂದೆ ಸರಿದು, ಗಾಳಿ ಹೋದಾಗ ಹಿಂದೆ ಬರುತ್ತಿವೆ, ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಮುಂದೆ, ಅಲ್ಲೇ ಹಿಂದೆ — ದಾನಮ್ಮ ಅವನ್ನೇ ನೋಡುತ್ತ ಕೂತಿದ್ದಾಳೆ, ಹನಿ ಮುಂದೆ ಸರಿದಾಗ ಗಂಡ ಚನಮಲ್ಲಪ್ಪನ ಎದೆ ಏಳುತ್ತದೆ, ಹಿಂದೆ ಬಂದಾಗ ಇಳಿಯುತ್ತದೆ, ಎದೆ ಅವನದು, ಗಾಳಿ ಮಷೀನಿನದು, ಮೊದಮೊದಲು ಇದನ್ನು ಕಂಡರೆ ಮಾರಿ ತಿರುಗಿಸುತ್ತಿದ್ದಳು, ಈಗ ಒಲೆಯ ಮೇಲಿಟ್ಟ ಹಾಲು ನೋಡಿದ ಹಾಗೆ ನೋಡಬಹುದು. ಇದು ಉಸಿರು ಕೊಡೂದಿಲ್ರಿ ಅಮ್ಮಾರ, ಗಾಳಿ ಒಳಗ ನೂಕತೈತಿ ಅಷ್ಟ, ಹೊರಗ ಬರೂದು ತಾನ ಬರತೈತಿ ಎಂದಿದ್ದರು ಡಾಕ್ಟರು ಮೊದಲ ದಿನ, ಲಂಗ್ಸ್ ರಿಪೇರಿ ಮಾಡೂದಿಲ್ಲ, ಅವು ಸುಧಾರಸೂತನಕ ಅವುಗಳ ಕೆಲಸಾ ಹೊರತೈತಿ, ಬೀಡಿ, ಮಗ್ಗದ ಧೂಳು, ಎರಡೂ ಕೂಡಿ ಲಂಗ್ಸ್ ಸೋತಾವು. ಆಗ ಕೊಳವೆ ಬಾಯಲ್ಲಿತ್ತು, ನಿದ್ದೆಯ ಔಷಧ ಕೊಟ್ಟು ಮಲಗಿಸಿದ್ದರು, ಎಲ್ಲ ಉಸಿರೂ ಮಷೀನಿನದೇ, ಆಮೇಲೆ ಗಂಟಲಮಣಿಯ ಕೆಳಗೆ ತೂತು ಮಾಡಿ ಕೊಳವೆಯನ್ನು ಅಲ್ಲಿಗೆ ಇಳಿಸಿದರು, ಬಾಯಿ ಬಿಡುಗಡೆಯಾಯಿತು, ಕಣ್ಣು ತೆರೆದವು, ಈಗ ಚನಮಲ್ಲಪ್ಪ ತಾನೇ ಉಸಿರು ಎಳೆಯಲು ಶುರು ಮಾಡಬೇಕು, ಅವನು ಎಳೆದದ್ದು ಗೊತ್ತಾದ ಕೂಡಲೇ ಮಷೀನು ಹಿಂದಿನಿಂದ ನೂಕಿ ಕೊಡುತ್ತದೆ, ಏರು ಹತ್ತುವ ಗಾಡಿಗೆ ಕೈ ಹಚ್ಚಿದ ಹಾಗೆ. ಆದರೆ ದನಿ ಬರಲಿಲ್ಲ. ಗಾಳಿ ಗಂಟಲಿಗೆ ಏರುವ ಮೊದಲೇ ತೂತಿನಿಂದ ಹೊರಗೆ ಹೋಗುತ್ತದಂತೆ, ದನಿಗೆ ಗಾಳಿ ಸಿಗುವುದಿಲ್ಲ, ತುಟಿ ಮಾತ್ರ ಆಡುತ್ತವೆ, ಸಿಸ್ಟರು ಬಗ್ಗಿ ಬಗ್ಗಿ ನೋಡಿ, ಏನಂತಾರೋ ಯವ್ವಾ ತಿಳೀವಲ್ದು ಎಂದಾಗ ದಾನಮ್ಮ ಬಾಗಿಲ ಹತ್ತಿರ ನಿಂತೇ ಹೇಳಿದ್ದಳು, ದಿಂಬ ಎತ್ತರ ಮಾಡ ಅನ್ನಾಕತ್ತಾರ, ಬೆನ್ನ ಕೆಳಗ ಅರವಿ ಗಂಟ ಆಗೈತಂತ.

ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಬನಹಟ್ಟಿಯಲ್ಲಿ ಪಾವರ್‌ಲೂಮ್ ಇಟ್ಟ ಮನೆಯ ಯಾರನ್ನು ಕೂರಿಸಿದರೂ ಹೇಳುತ್ತಿದ್ದರು, ಮಗ್ಗಗಳು ಚಾಲೂ ಆದ ಶೆಡ್ಡಿನಲ್ಲಿ ಆ ಸಪ್ಪಳಕ್ಕೆ ದನಿ ಇದ್ದೂ ಉಪಯೋಗವಿಲ್ಲ, ಎಲ್ಲರದೂ ತುಟಿಯ ಮಾತೇ. ರನ್ನ ಬೆಳಗಲಿಯ ಒಕ್ಕಲುತನದ ಮನೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ಅದು ಗೊತ್ತಿರಲಿಲ್ಲ, ಅವಳ ಕಡೆ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಕೂಗಿ ಮಾತಾಡುವ ಮಂದಿ, ಇಲ್ಲಿ ಎಲ್ಲರೂ ತನ್ನ ಕಡೆ ನೋಡಿ ಬಾಯಿ ಆಡಿಸುತ್ತಾರೆ, ನಗುತ್ತಾರೆ, ತನ್ನನ್ನೇ ಅಣಕಿಸುತ್ತಿದ್ದಾರೆ ಎಂದು ಅತ್ತಿದ್ದಳು, ಆಗ ಅತ್ತೆ, ಹುಚ್ಚಿ, ಕಿವಿ ಮನ್ಯಾಗಿಟ್ಟ ಬಾ, ಶೆಡ್ಡಿನ್ಯಾಗ ಕಣ್ಣಿಲೆ ಕೇಳ್ಬೇಕು ಎಂದಿದ್ದರು. ಕೇಳಲು ಕಲಿತಳು. ಆ ತುದಿಯ ಮಗ್ಗದಿಂದ ಚನಮಲ್ಲಪ್ಪ, ಎಳಿ ಹರೀತು ನೋಡ, ಚಾ ಎಲ್ಲಿ, ನಿಮ್ಮಪ್ಪ ಬಂದಾನಂತ ಮಾರಿ ಅರಳೈತೇನ — ಶೆಡ್ಡಿನಲ್ಲಿ ಬಲು ಮಾತಿನವನು, ಮಗ್ಗ ನಿಲ್ಲಿಸಿ ಮನೆಯೊಳಗೆ ಬಂದು ಸುತ್ತ ಶಾಂತವಾದರೆ ಅವನೂ ಸುಮ್ಮನೆ, ಉಂಡು ಮಲಗುತ್ತಿದ್ದ, ಈಗ ಅವನ ದನಿ ಹೇಗಿತ್ತೆಂದು ನೆನೆಯಲು ಹೋದರೆ ಕಿವಿಗೆ ಏನೂ ಬರುವುದಿಲ್ಲ, ತುಟಿಯೇ ಕಣ್ಣಿಗೆ ಬರುತ್ತದೆ. ಒಂದೇ ತೊಡಕು, ಪ ಬ ಮ, ಮೂರಕ್ಕೂ ತುಟಿ ಕೂಡಬೇಕು, ನೋಡಲಿಕ್ಕೆ ಮೂರೂ ಒಂದೇ. ಅದಕ್ಕೆ ಕೈ ಇತ್ತು, ಗದ್ದ ಇತ್ತು, ಬ್ಯಾಡ ಎಂದರೆ ಅಂಗೈ ಅಡ್ಡ ಆಡಿಸುವುದು, ಮಾಡ ಎಂದರೆ ಗದ್ದ ಎತ್ತುವುದು. ಇಲ್ಲಿ ಕೊಳವೆ ಇರುವುದರಿಂದ ಗದ್ದ ಎತ್ತುವಂತಿಲ್ಲ, ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದಾರೆ, ಕೊಳವೆ ಕಿತ್ತುಕೊಳ್ಳಲು ಹೋಗಿದ್ದಕ್ಕೆ. ಮೊನ್ನೆ, ಬಜ್ಜಿ ಬೇಕಂತ ಎಂದು ಅವಳು ಹೇಳಿದ್ದಕ್ಕೆ ಸಿಸ್ಟರು ಬಿದ್ದು ಬಿದ್ದು ನಕ್ಕಳು, ಐಸಿಯುದಾಗ ಬಜ್ಜಿ ಕೇಳ್ತಾರಲ್ರೀ ನಿಮ್ಮ ಯಜಮಾನ್ರು, ಸಂಗಾಟ ಮೆಣಸಿನಕಾಯಿನೂ ಕರದ ಕೊಡೂಣೇನ — ಚನಮಲ್ಲಪ್ಪ ಕಣ್ಣು ಕೆಂಪಗೆ ಮಾಡಿ ಮತ್ತೆ ಅದನ್ನೇ ಅಂದ, ಆಮೇಲೆ ತಿಳಿಯಿತು, ಮಜ್ಜಿಗಿ.

ಆಸ್ಪತ್ರೆಯ ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತಿದೆ, ಮುಧೋಳದಲ್ಲಿ ಈ ದಿನಗಳಲ್ಲಿ ಅದು ನಿಲ್ಲುವುದೇ ಇಲ್ಲ, ಕಿಟಕಿಯ ಗಾಜು ಸಣ್ಣಗೆ ನಡುಗಿ ಸುಮ್ಮನಾಯಿತು. ಮಷೀನು ತೆಗೆದು ನೋಡುವುದು ಇವತ್ತಿಗೆ ಮೂರನೆಯ ಸಲ, ಹಿಂದಿನ ಎರಡು ಸಲವೂ ಹೊತ್ತಿಳಿಯುವಷ್ಟರಲ್ಲಿ ಪಕ್ಕೆ ಬಡಿದುಕೊಂಡು, ಬೆವರಿ, ಮತ್ತೆ ಹಚ್ಚಬೇಕಾಯಿತು. ಬೆಳಿಗ್ಗೆ ಡಾಕ್ಟರು ಅವಳನ್ನೂ ಮಗಳು ವೈಶಾಲಿಯನ್ನೂ ಹೊರಗೆ ಕರೆದು ಹೇಳಿದರು, ಈ ಸಲ ದಣದ್ರ ಮತ್ತ ಹಚ್ಚೂದೋ ಹೆಂಗ ಅಂತ ಈಗ ಠರಾಯಿಸ್ರಿ, ಹಚ್ಚಿದ್ರ ಮುಂದ ಇದರ ಮ್ಯಾಲೇ ಇರಬೇಕಾದೀತು, ಎಷ್ಟ ತಿಂಗಳಾ ಅಂತ ನಾ ಹೇಳಾಂಗಿಲ್ಲ, ಹಚ್ಚಲಿಲ್ಲಂದ್ರ ಸಂಕಟ ಆಗದಂಗ ಔಷಧ ಕೊಡತೀವಿ, ಆದ್ರ — ಆದ್ರ ಎಂಬಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು, ಎಚ್ಚರ, ಶುದ್ಧಿ ಎಲ್ಲಾ ಐತ್ರಿ ಅವರಿಗೆ, ಅವರನ್ನ ಕೇಳ್ರಿ, ಅವರ ಮಾತ ನಿಮಗ ತಿಳೀತೈತೆಲ್ಲ. ಜಮಖಂಡಿಯಲ್ಲಿ ಸಾಲೆ ಕಲಿಸುವ ಮಗಳು ಮಾರಿ ಗೋಡೆಗೆ ತಿರುಗಿಸಿ, ಅಪ್ಪ ಏನಂತಾನ ಹಂಗ ಮಾಡೂಣಬೇ ಯವ್ವಾ ಎಂದಳು. ಒಳಗೆ ಬಂದು ದಾನಮ್ಮ ಕೇಳಿದಳು, ದೊಡ್ಡ ದನಿಯಲ್ಲೇನಲ್ಲ, ಮಷೀನ ತಗೀತಾರಂತ್ರಿ, ನಿಮಗ ದಣವಾದ್ರ ಮತ್ತ ಚಾಲೂ ಮಾಡ ಅನ್ನಲ್ಯೋ, ಬ್ಯಾಡ ಅನ್ನಲ್ಯೋ. ಅವನು ಕಣ್ಣು ಅವಳ ಕಡೆ ತಿರುಗಿಸಿದ. ತುಟಿ ಕೂಡಿದವು, ತೆರೆದವು, ನಾಲಗೆ ಮೇಲಕ್ಕೆ ಮಡಚಿ ಇಳಿಯಿತು. ಮಾಡ. ಅಥವಾ ಬ್ಯಾಡ. ಬ್ಯಾ ಅನ್ನುವಾಗ ಬಾಯಿ ಒಂದು ಎಳೆಯಷ್ಟು ಹೆಚ್ಚು ಅಗಲವಾಗುತ್ತದೆ, ಆದರೆ ಬಾಯೊಳಗಿನ ಕೊಳವೆಗೆ ಪಟ್ಟಿ ಅಂಟಿಸಿದ್ದ ಆ ದಿನಗಳಿಂದ ಅವನ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ತುಟಿ ಒಣಗಿ ಬಿರಿದಿವೆ, ಆ ಒಂದು ಎಳೆಯನ್ನು ಎಲ್ಲಿ ಹುಡುಕುವುದು, ಇನ್ನೊಮ್ಮೆ ಅನ್ರಿ ಎಂದಳು, ಮತ್ತೆ ತುಟಿ ಕೂಡಿದವು, ತೆರೆದವು, ಅದೇ.

ಹೂಂ ಅಂದ್ರ ಒಮ್ಮೆ ಕಣ್ಣ ಮುಚ್ರಿ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಸಿಸ್ಟರು ಅದನ್ನು ಕಲಿಸಿಕೊಟ್ಟಿದ್ದಾಳೆ, ನೋವೈತೇನ್ರಿ ಎಂದು ದಿನವೂ ಹಾಗೇ ಕೇಳುತ್ತಾಳೆ, ದಾನಮ್ಮನಿಗೆ ಅದು ಮರೆತಿಲ್ಲ. ಕೇಳಲಿಲ್ಲ. ಸೆರಗಿನಿಂದ ಅವನ ಕಣ್ಣಿನ ಪಿಸುರು ಒರೆಸಿ ಸ್ಟೂಲಿನ ಮೇಲೆ ಕೂತಳು, ನೀರಹನಿ ನೋಡುತ್ತ. ವೈಶಾಲಿಯನ್ನು ಕಾಲೇಜಿಗೆ ಹಚ್ಚುವಾಗಲೂ ಹೀಗೇ, ಮಗ್ಗದ ಆಚೆ ನಿಂತು ಕೇಳಿದ್ದಳು, ಜಮಖಂಡಿಗೆ ಹೆಸರು ಹಚ್ಚೂದು ಮಾಡೂಣೇನ್ರಿ ಎಂದು, ಅವನ ಎರಡೂ ಕೈ ಹರಿದ ಎಳೆಯಲ್ಲಿದ್ದವು, ಗದ್ದ ಎದೆಗೆ ಬಾಗಿತ್ತು, ತುಟಿ ಕೂಡಿ ತೆರೆದವು, ಅವಳು ಮಾಡ ಎಂದೇ ಓದಿಕೊಂಡು ಮರುದಿನವೇ ಮಗಳನ್ನು ಬಸ್ಸಿಗೆ ಹತ್ತಿಸಿದಳು, ಸಂಜೆ ಅವನು, ಹುಡುಗಿ ಎಲ್ಲಿ ಎಂದ, ಕಾಲೇಜಿಗೆ ಎಂದಳು, ಅವನು ಅವಳ ಮಾರಿ ನೋಡಿ, ಆತು ಬಿಡ ಎಂದು ಕೈ ತೊಳೆಯಲು ಹೋದ. ಅಂದು ಏನಂದಿದ್ದನೋ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಅಂದು ಅವಳಿಗೆ ಯಾವುದು ಬೇಕೆಂದು ಗೊತ್ತಿತ್ತು, ತನಗೆ ಬೇಕಾದದ್ದನ್ನು ಅವನ ತುಟಿಯ ಮೇಲೆ ಓದಿದ್ದಳು, ಇವತ್ತು ಒಳಗೆ ನೋಡಿಕೊಂಡರೆ ಅಲ್ಲಿ ಬೇಕು ಎಂಬುದೂ ಇಲ್ಲ, ಬೇಡ ಎಂಬುದೂ ಇಲ್ಲ, ಮೊಣಕಾಲು ನೋವು ಇದೆ, ಮನೆಯ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಇದೆ, ಇವನು ಇಲ್ಲದ ಶೆಡ್ಡು ಹೇಗಿರುತ್ತದೆ ಎಂದು ನೆನೆದರೆ ದುಃಖ ಬರುವುದಿಲ್ಲ, ಒಂದು ಖಾಲಿ ಜಾಗ ಕಾಣುತ್ತದೆ, ಅದರಾಚೆ ತನ್ನ ಕಡೆ ತಿರುಗಿದ ಬಾಯಿ ಇಲ್ಲ, ಅಷ್ಟೇ, ಯಾರೂ ತನಗೆ ಆ ಕಡೆಯಿಂದ ಚಾ ಎಲ್ಲಿ ಎನ್ನುವುದಿಲ್ಲ. ಅಮ್ಮಾರ, ಸ್ವಲ್ಪ ಹೊರಗ ಬರ್ರಿ. ಡಾಕ್ಟರು ಬಂದಿದ್ದಾರೆ. ಎದ್ದಳು, ಗಾಜಿನ ಬಾಗಿಲು ಹಿಂದೆ ತಾನೇ ಮುಚ್ಚಿಕೊಂಡಿತು, ಮಷೀನಿನ ಸಪ್ಪಳ ಕಡಿದಂತೆ ನಿಂತಿತು, ವೈಶಾಲಿ ಗೋಡೆ ಬಿಟ್ಟು ಹತ್ತಿರ ಬಂದಳು. ಕೇಳಿದ್ರೇನ್ರಿ, ಎಂದರು ಡಾಕ್ಟರು. ಕೇಳಿದ್ನಿರಿ. ಏನಂದ್ರು? ಗಾಜಿನೊಳಗೆ ಚನಮಲ್ಲಪ್ಪ ದಿಂಬಿಗೆ ಒರಗಿ ಎಚ್ಚರವಾಗೇ ಇದ್ದಾನೆ, ಡಾಕ್ಟರನ್ನು ನೋಡುತ್ತಿಲ್ಲ, ಮಗಳನ್ನೂ ಇಲ್ಲ, ಮಗ್ಗಗಳ ಆಚೆಯಿಂದ ನೋಡುತ್ತಿದ್ದ ಹಾಗೆ ನೇರ ಅವಳ ಬಾಯಿಯನ್ನೇ ನೋಡುತ್ತಿದ್ದಾನೆ. ಮಾಡ್ರಿ, ಎಂದಳು ದಾನಮ್ಮ, ದಣದ್ರ ಮತ್ತ ಚಾಲೂ ಮಾಡ್ರಿ. ದನಿ ಬಂತು, ಸರಿಯಾಗಿಯೇ ಬಂತು, ಡಾಕ್ಟರು ತಲೆಯಾಡಿಸಿದರು, ವೈಶಾಲಿ ಅವಳ ತೋಳು ಹಿಡಿದುಕೊಂಡಳು. ಗಾಜಿನಾಚೆಗೆ ದನಿ ಹೋಗಿರಲಿಕ್ಕಿಲ್ಲ. ಅವನಿಗೆ ಕಂಡದ್ದು ಕೂಡಿ ತೆರೆದ ಎರಡು ತುಟಿ, ಮಾಡ್ರಿ ಅಂದಳೋ, ಬ್ಯಾಡ್ರಿ ಅಂದಳೋ — ಒಳಗೆ ಹೋಗಿ ಹೇಳಬೇಕು, ಹೋಗುತ್ತೇನೆ, ಈಗ ಹೋಗುತ್ತೇನೆ, ಕಾಲು ಎತ್ತಲಾಗುತ್ತಿಲ್ಲ, ಅಲ್ಲಿ ಎದೆ ಏರಿತು, ಇಳಿಯಿತು, ಅವನ ತುಟಿ ಏನೋ ಕೇಳಲು ಹೊರಟು ಕೂಡಿದವು — ಪ, ಬ, ಮ — ಕೂಡಿದವು, ಇನ್ನೂ ತೆರೆದಿಲ್ಲ, ಕೂಡಿದ ತುಟಿ.