ನಲ್ಲಿಗೆ ಕಿವಿಯಿದ್ದ ಊರು

ಇದು ನಡೆದ ಕಥೆ. ನಂಬಿಕೆ ಬಾರದವರು ಬಾಯಾರಿಕೆಯಾದಾಗ ಬಂದು ನಂಬಲಿ, ಅವಸರವಿಲ್ಲ.

ಆ ಊರಿನ ನಲ್ಲಿಗಳಿಗೆ ತಿರುಪು ಇರಲಿಲ್ಲ, ಕಿವಿ ಇತ್ತು. ಬೆಳಿಗ್ಗೆ ಕರೆಗಾರ ತಾತ ಬೀದಿಬೀದಿಯ ನಲ್ಲಿಯ ಮುಂದೆ ನಿಂತು ಬಾ ಎಂದು ಕರೆದರೆ ನೀರು ಬರುತ್ತಿತ್ತು. ಬೇರೆಯವರು "ನಲ್ಲಿ, ಬಾ" ಎಂದು ಗಂಟಲು ಹರಿದುಕೊಂಡರೂ ಹನಿ ಉದುರುತ್ತಿರಲಿಲ್ಲ. ನಿಲ್ಲಿಸಲು ಮಾತ್ರ ಯಾರು ಸಾಕು ಎಂದರೂ ಸಾಕಿತ್ತು. ಇದು ನಮ್ಮ ಮನೆತನದ ರಕ್ತದ ಗುಣ ಎಂದು ತಾತ, ತಿರುವಲು ತಿರುಪಿಲ್ಲದ್ದರಿಂದ, ಮೀಸೆ ತಿರುವುತ್ತಿದ್ದರು. ಮೇಲಿನ ಬೀದಿಗಳಿಗೆ ಮೊದಲು, ಕೆಳಬೀದಿಗೆ ಕೊನೆಗೆ. ಅವರ ಮಂಡಿ ನೋಯುವ ದಿನ ಕೆಳಬೀದಿಗೆ ನೀರೇ ಇಲ್ಲ.

ಕೆಳಬೀದಿ ಪೂರ್ತಿ ಲಾಂಡ್ರಿಗಳು. ಮೇಲಿನವರದು ಕರೆಯುವ ಕೆಲಸ, ಕೆಳಗಿನವರದು ಕರೆ ತೆಗೆಯುವ ಕೆಲಸ. ನೀರಿಲ್ಲದ ದಿನ ಅಲ್ಲಿ ಬೈಗುಳ ಮಾತ್ರ ಹರಿಯುತ್ತಿತ್ತು. ತನ್ನ ಸೋದರತ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹುಡುಗಿಗೆ ರೇಡಿಯೊ ಎಂದು ಹೆಸರು ಬಿದ್ದಿತ್ತು. ಒಮ್ಮೆ ಕೇಳಿದರೆ ಯಾರ ದನಿಯನ್ನಾದರೂ ಹಾಗೇ ತೆಗೆಯುತ್ತಿದ್ದಳು. ಬಂದ್ ಮಾಡುವ ಗುಂಡಿ ಎಲ್ಲಿದೆಯೆಂದು ಅತ್ತೆಗೂ ಗೊತ್ತಿರಲಿಲ್ಲ.

ತಾತನ ಮೊಮ್ಮಗ ವಾರಕ್ಕೊಮ್ಮೆ ತರಬೇಕಾದ ಅಂಗಿಗಳನ್ನು ದಿನಕ್ಕೊಂದರಂತೆ ತರುತ್ತಿದ್ದ. ಕೊಳೆ ಸಾಲದಿದ್ದರೆ ದಾರಿಯಲ್ಲಿ ಮಾಡಿಕೊಳ್ಳುತ್ತಿದ್ದ. ರೇಡಿಯೊ ಇದನ್ನು ಗಮನಿಸಿದ್ದಳು, ಅವನ ಅಂಗಿಗೆ ಇಸ್ತ್ರಿಯನ್ನು ನಿಧಾನವಾಗಿಯೇ ಹಾಕುತ್ತಿದ್ದಳು.

ಒಂದು ದಿನ ಅವನು ಮುಖ ಇಳಿಬಿಟ್ಟುಕೊಂಡು ಬಂದ. ಮರುದಿನ ಚೌಕದಲ್ಲಿ ಎಲ್ಲರ ಮುಂದೆ ನೀರು ಕರೆದು ಅವನು ತಾತನ ಪಟ್ಟಕ್ಕೆ ಏರಬೇಕಿತ್ತು. ಎಷ್ಟು ಅಭ್ಯಾಸ ಮಾಡಿದರೂ ನಲ್ಲಿ ಕ್ಯಾರೇ ಅನ್ನುತ್ತಿರಲಿಲ್ಲ. ಅವನನ್ನು ನಗಿಸಲೆಂದು ಅವಳು ಮೂಗಿನ ಕೆಳಗೆ ಚಿಂದಿಬಟ್ಟೆಯ ಮೀಸೆ ಸಿಕ್ಕಿಸಿಕೊಂಡು, ಮಂಡಿ ಹಿಡಿದು, ತಾತನಾಗಿ ಕರೆದಳು. ಮೂಲೆಯ ಒಣ ನಲ್ಲಿ ಬಕೆಟ್ಟಿಗೆ ದಬದಬ ಸುರಿಯಿತು.

ಇಬ್ಬರೂ ಬಾಯಿ ಬಿಟ್ಟರು. ಸಾಕು ಎಂದು ನಿಲ್ಲಿಸಿ, ಮೀಸೆ ಕಿತ್ತು ತನ್ನ ದನಿಯಲ್ಲಿ ಕರೆದಳು. ಬರಲಿಲ್ಲ. ಮತ್ತೆ ಮೀಸೆ ಇಟ್ಟು ಕರೆದಳು, ಬಂತು. ಅದನ್ನೂ ನಿಲ್ಲಿಸಿ, ಮೀಸೆ ತೆಗೆದು, ರೇಡಿಯೊ ಕಣ್ಣು ಮುಚ್ಚಿ ತನ್ನ ನಾಲಗೆಯನ್ನೇ ಆಲಿಸಿದಳು.

"ನಿಮ್ಮ ತಾತ ನಲ್ಲಿ ಅನ್ನೋದೇ ಇಲ್ಲ ಕಣೋ. ಆ ಮೀಸೆ ಕೆಳಗೆ ಬಾಯಿ ಅಗಲ ಆಗಲ್ಲ. 'ಇ' ಅನ್ನೋಕೆ ಹೋಗಿ 'ಎ' ಅಂತಾರೆ. ನಲ್ಲೆ, ಬಾ."

ಮೀಸೆಯಿಲ್ಲದೆ, ಅವಳದೇ ದನಿಗೆ, ನೀರು ಬಂತು. ಹೆಸರು ಹಿಡಿದು ಗದರಿದರೆ ಬಾರದ್ದು ಒಲವಿನಿಂದ ಕರೆದರೆ ಬರುತ್ತಿತ್ತು, ಅಷ್ಟೇ.

"ನಾಳೆ ಎಲ್ಲರ ಮುಂದೆ ಹೇಳ್ತೀನಿ. ನಿಮ್ಮ ಮನೆ ಗತ್ತು ಹೋಗುತ್ತೆ. ಬೇಡ ಅನ್ನೋದಿದ್ರೆ ಈಗ್ಲೇ ಅನ್ನು," ಎಂದಳು. "ಅಂದ್ರೂ ಹೇಳ್ತೀನಿ."

ಗತ್ತು ಹೋದರೆ ತನ್ನ ತಲೆನೋವೂ ಹೋಗುತ್ತದೆ ಎಂದು ಅವನು ನಕ್ಕ.

ಮರುದಿನ ಚೌಕದಲ್ಲಿ ತಾತ ರಕ್ತದ ಮೇಲೆ ಭಾಷಣ ಮುಗಿಸಿ ಮೊಮ್ಮಗನತ್ತ ಕೈ ಮಾಡಿದರು. ಅವನು ಬಾಯಿ ತೆರೆಯುವ ಮೊದಲೇ ತಾತನ ದನಿ "ನಲ್ಲೇ, ಬಾ" ಎಂದಿತು. ದೊಡ್ಡ ನಲ್ಲಿ ಧುಮುಕಿತು. ತಾತ ತುಟಿ ಮುಟ್ಟಿ ನೋಡಿಕೊಂಡರು, ಬಾಯಿ ಮುಚ್ಚಿಯೇ ಇತ್ತು.

ಗುಂಪಿನಿಂದ ರೇಡಿಯೊ ಮುಂದೆ ಬಂದಳು. ದನಿಗಳ್ಳಿ ಎಂದು ಮೇಲಿನ ಬೀದಿಯವರು ಗೊಣಗಿದರು. ಅವಳು ಸಾಕು ಎಂದು ನಿಲ್ಲಿಸಿ, ಗುಟ್ಟು ಬಿಡಿಸಿ ಹೇಳಿ, ತನ್ನ ದನಿಯಲ್ಲಿ ಕರೆದಳು. ಬಂತು. ಮತ್ತೆ ನಿಲ್ಲಿಸಿ, ಅತ್ತೆಯನ್ನು ಮುಂದೆ ತಳ್ಳಿ ಕರೆಸಿದಳು. ಆ ಕರೆಗೂ ಬಂತು. ಸಾಕು ಎಂದದ್ದಕ್ಕೆ ನೀರಿನ ಜೊತೆ ಗೊಣಗಾಟವೂ ನಿಂತಿತು.

"ನಾನು ಯಾವತ್ತೂ ಹಾಗಂದಿಲ್ಲ," ಎಂದರು ತಾತ.

"ಹಾಗಾದ್ರೆ ನಲ್ಲಿ ಅಂದು ತೋರಿಸಿ ತಾತ," ಎಂದ ಮೊಮ್ಮಗ.

ತಾತ ನಲ್ಲಿಯ ಮೂತಿಗೇ ಬಗ್ಗಿ, ಬಿಡಿಸಿ ಬಿಡಿಸಿ ಅಂದರು: "ನಲ್ಲೇ, ಬಾ." ಮೀಸೆಯಿಂದ ಬೂಟಿನವರೆಗೆ ತೊಯ್ದುಹೋದರು.

ಮೊಮ್ಮಗ ನಲ್ಲಿಗೆ ಬೆನ್ನು ಹಾಕಿ, ರೇಡಿಯೊಳನ್ನೇ ನೋಡುತ್ತ ಮೆಲ್ಲಗೆ ಅದನ್ನೇ ಅಂದ. ಅವಳು ಹತ್ತಿರ ಬಂದಳು.

"ಕರೆದಿದ್ದು ಯಾರನ್ನ?"

"ಬಂದವರನ್ನ."

ತಾತನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಜನ ಹಿಂದೆ ಸರಿದರು.

"ಹಾಗಾದ್ರೆ ನಾಳೆ ಬೆಳಗಾಗೋ ಮುಂಚೆ ನಾನು ಏಳಬೇಕಾಗಿಲ್ಲವೇನಮ್ಮ?"

"ಮಲಗಿ ತಾತ. ನಮ್ಮ ನೀರು ನಾವೇ ಕರ್ಕೋತೀವಿ."

ತಾತ ತೊಯ್ದ ಮೆಟ್ಟಿಲ ಮೇಲೆ ಕುಕ್ಕರಿಸಿ, ನೋಯುವ ಮಂಡಿಯನ್ನೇ ಬಡಿದುಕೊಳ್ಳುತ್ತ ನಕ್ಕರು. ಊರೆಲ್ಲ ನಗುತ್ತಿತ್ತು, ಆದರೆ ಎಲ್ಲರ ದನಿಯ ಮೇಲೆ ಅವರದೇ ಕೇಳುತ್ತಿತ್ತು.