ನೋಡುವವಳ ಮಾತು

"ನಿಲ್ಲಿಸಿ. ಗೋಡೆನೇ ಜೊತೆಗೆ ಬರ್ತಿದೆ," ಎಕೋ ಡಾಕ್ಟರ್ ಪರದೆಯಿಂದ ಕಣ್ಣು ಕೀಳದೆ ಹೇಳಿದಳು.

ಸರ್ಜನ್ನನ ಕೈ ಅಲ್ಲೇ ನಿಂತಿತು. ಮೇಜಿನ ಮೇಲೆ ಎಚ್ಚರವಿಲ್ಲದೆ ಮಲಗಿದ್ದವಳು ಒಬ್ಬ ಟೈಲರಮ್ಮ. ಎಷ್ಟೋ ವರ್ಷದ ಹಿಂದೆ ಪೇಸ್‌ಮೇಕರ್ ಜೊತೆ ಅವಳ ಹೃದಯಕ್ಕಿಳಿಸಿದ್ದ ತಂತಿಗೆ ಈಗ ಸೋಂಕು ತಗುಲಿತ್ತು. ತೆಗೆಯದೆ ಗತಿಯಿಲ್ಲ, ತೆಗೆಯೋಣವೆಂದರೆ ಅದರ ತುದಿ ಹೃದಯದ ಗೋಡೆಗೆ ಬೆಸೆದುಕೊಂಡು ಕೂತಿದೆ. ಎಳೆಯುವವನಿಗೆ ಆ ಗೋಡೆ ಕಾಣುವುದಿಲ್ಲ. ಗಂಟಲೊಳಗೆ ಇಳಿಬಿಟ್ಟ ಅಲ್ಟ್ರಾಸೌಂಡ್ ನಳಿಕೆಯಿಂದ ಅದನ್ನು ನೋಡುವವಳ ಕೈಯಲ್ಲಿ ತಂತಿಯಿಲ್ಲ. ಅವಳ ಒಂದು ಮಾತು ತಡವಾದರೂ ಗೋಡೆ ಹರಿದು ಟೈಲರಮ್ಮನ ಪ್ರಾಣಕ್ಕೇ ಸಂಚಕಾರ.

"ಮನೇಲೂ ಹೀಗೇನಾ ಸಾರ್? ಮೇಡಂ ಬಾಯಿ ಬಿಟ್ರೆ ಸಾಕು, ನಿಮ್ಮ ಕೈ ನಿಂತೇ ಹೋಗುತ್ತೆ," ಎಂದರು ಅರಿವಳಿಕೆ ಡಾಕ್ಟರು. ಬಂದವರನ್ನೆಲ್ಲ ಮಲಗಿಸುವ ಅವರಿಗೆ ಆಸ್ಪತ್ರೆಯಲ್ಲಿ ಜೋಗುಳದ ಡಾಕ್ಟರೆಂದೇ ಹೆಸರು. ನರ್ಸ್ ಮಾಸ್ಕಿನೊಳಗೇ ನಕ್ಕಳು. ಗಂಡ ಹೆಂಡತಿ ಇಬ್ಬರೂ ನಗಲಿಲ್ಲ.

ಅವಳು ಬೇರೆ ಮನೆ ಮಾಡಿ ಆಗಲೇ ತಿಂಗಳುಗಳಾಗಿದ್ದವು. ಇಲ್ಲಿ ಯಾರಿಗೂ ಹೇಳಿರಲಿಲ್ಲ. ದೊಡ್ಡ ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ಒಂದಿಷ್ಟು ಮಾತಾದರೂ ಇರುತ್ತಿತ್ತು. ಮನೆಯಲ್ಲಿ ಅವಳು ಹತ್ತು ಮಾತಾಡಿದರೆ ಒಂದಕ್ಕೂ ಅವನು ಹೂಂ ಅನ್ನುತ್ತಿರಲಿಲ್ಲ. ಅದೇ ಮನುಷ್ಯ ಈ ಕೋಣೆಯಲ್ಲಿ ಅವಳ ಪಿಸುಮಾತಿಗೂ ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಿದ್ದ. ಅದಕ್ಕೇ ಇಂಥ ಕೇಸಿದ್ದರೆ ಅವಳು ರಜೆ ಬಿಟ್ಟೂ ಬರುತ್ತಿದ್ದಳು. ಇವತ್ತಿನದು ಕೊನೆಯದು. ನಾಳೆಯಿಂದ ಅವನು ಬೇರೆ ಊರಿನ ಆಸ್ಪತ್ರೆಗೆ.

"ಈಗ?" ಎಂದ.

"ಸ್ವಲ್ಪ ಸಡಿಲ ಬಿಡಿ. ಹಾಂ, ಈಗ ಮೆಲ್ಲಗೆ."

ಅಂಟು ಬಿಡಿಸುವ ಕೊಳವೆ ತಂತಿಯ ಮೇಲೆ ಕೂದಲೆಳೆಯಷ್ಟು ಮುಂದೆ ಸರಿಯಿತು. ಪರದೆಯಲ್ಲಿ ಒಳಕ್ಕೆ ಜಗ್ಗಿದ್ದ ಗೋಡೆ ತಟ್ಟನೆ ತನ್ನ ಜಾಗಕ್ಕೆ ಮರಳಿತು. ಬಿಟ್ಟಿತು ಎಂದಳು. ತಂತಿ ಇಡಿಯಾಗಿ ಅವನ ಕೈಗೆ ಬಂತು.

ಇನ್ನು ಹೃದಯದ ಸುತ್ತ ರಕ್ತ ಸೋರುತ್ತಿದೆಯೇ ಎಂದು ಕಾದು ನೋಡಬೇಕು. ಅವಳು ಸಾಕೆನ್ನುವವರೆಗೆ ಸರ್ಜನ್ ಕದಲುವಂತಿಲ್ಲ. ಅವನು ಕೈ ಮಡಚಿ ನಿಂತು ಅವಳ ಮುಖವನ್ನೇ ನೋಡತೊಡಗಿದ. ಅವಳು ಎಲ್ಲ ಕೋನದಿಂದಲೂ ನೋಡಿದಳು. ಎಲ್ಲೂ ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದಳು.

"ಏನಾದ್ರೂ ಇದೆಯಾ?"

"ಇನ್ನೊಂದು ಸಲ ನೋಡ್ತೀನಿ."

ನೋಡುವಷ್ಟು ನೋಡಿಯಾಗಿತ್ತು. ಹೀಗೇ ಅನ್ನುತ್ತಿದ್ದರೆ ಅವನು ಹೀಗೇ ನಿಂತಿರುತ್ತಾನೆ, ಯಾರೂ ತಪ್ಪೆನ್ನುವುದಿಲ್ಲ. ಅಷ್ಟರಲ್ಲಿ ನಳಿಕೆ ಒತ್ತಿ ಕೆಂಪಾಗಿದ್ದ ಟೈಲರಮ್ಮನ ತುಟಿಯಂಚು ಕಣ್ಣಿಗೆ ಬಿತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಏನೂ ಸೋರ್ತಿಲ್ಲ. ನೀವು ಹೋಗಬಹುದು."

ಅವನೇನಾದರೂ ಹೇಳಬಹುದೆಂದು ಅವಳು ಕಾದಳು. ಅವನು ಗ್ಲೌಸ್ ಕಳಚಿ ಹೊರಗೆ ಹೋದ. ಅಲ್ಲಿ ಟೈಲರಮ್ಮನ ಗಂಡನಿಗೆ ಹೇಳುತ್ತಿದ್ದುದು ಕೇಳಿಸಿತು: ಗಾಬರಿಯಾಗಬೇಡಿ, ಏನೂ ಸೋರುತ್ತಿಲ್ಲ, ಮೊದಲು ಕೂತುಕೊಳ್ಳಿ, ಏನಾದರೂ ತಿಂದಿರಾ ಇಲ್ಲವಾ. ಎಷ್ಟು ಸಮಾಧಾನದಿಂದ, ಎಷ್ಟೊಂದು ಮಾತು. ನಳಿಕೆಯನ್ನು ಮೆಲ್ಲಗೆ ಹೊರಗೆ ತೆಗೆಯುತ್ತ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವವರೆಗೂ ಅವಳು ಕೇಳಿಸಿಕೊಂಡಳು.