ಸಾಧು ಗಡ್ಡೆ

ಅತ್ತೆಯ ಕಿವಿಯ ನರದ ಮೇಲೆ ಬೆಳೆದ ಗಡ್ಡೆಗೆ ನಮ್ಮ ಕಚೇರಿಯಲ್ಲಿ ಒಂದು ಕೋಡ್ ಇದೆ: ಡಿ 33.3. ತಲೆಬುರುಡೆಯ ನರಗಳ ಸಾಧು ಗಡ್ಡೆ ಎಂದು ಅದರ ಅರ್ಥ. ಕ್ಯಾನ್ಸರ್ ಅಲ್ಲ, ಬೇರೆ ಕಡೆ ಹರಡುವುದಿಲ್ಲ, ಅಷ್ಟಕ್ಕೇ ಅದು ಸಾಧು. ಹಾಯದ, ಒದೆಯದ ಹಸುವಿಗೆ ಹೇಳುವ ಮಾತನ್ನು ಒಬ್ಬಳ ಎಡಗಿವಿಯನ್ನೇ ತಿಂದುಹಾಕಿದ ಗಡ್ಡೆಗೆ ಹೇಳಿದವರು ಯಾರೋ, ಅವರ ತಲೆಯಲ್ಲೂ ಒಂದು ಬೆಳೆಯಬೇಕಿತ್ತು.

ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೋಡರ್. ವೈದ್ಯರು ಬರೆದಿಟ್ಟ ಕಾಯಿಲೆಗಳನ್ನು ಓದಿ ಕೋಡ್ ಹಾಕುವುದು ನನ್ನ ಕೆಲಸ. ಅದೇ ಆಸ್ಪತ್ರೆಯಲ್ಲಿ ಅತ್ತೆಗೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ಮುಖದ ಎಡಭಾಗವೂ ಹೋಯಿತು. ಕಿವಿಯ ನರದ ಪಕ್ಕದಲ್ಲೇ ಮುಖದ ನರವೂ ಹಾದುಹೋಗುತ್ತದೆ. ಎಡತುಟಿ ಜೋತುಬಿತ್ತು. ಎಡಗಣ್ಣು ಮುಚ್ಚುವುದನ್ನೇ ಬಿಟ್ಟಿತು, ನಿದ್ದೆಯಲ್ಲೂ.

ಅತ್ತೆ ಬಟ್ಟೆ ಹೊಲಿಯುವವರು. ಅವರ ತುಟಿಗಳ ನಡುವೆ ಗುಂಡುಸೂಜಿ ಇಲ್ಲದ್ದನ್ನು ನಾನು ನೋಡಿದ್ದೇ ಕಡಿಮೆ. ಸೂಜಿ ಕಚ್ಚಿಕೊಂಡೇ ಗಿರಾಕಿಯ ಅಳತೆ ಹೇಳುತ್ತಿದ್ದರು, ಸೂಜಿ ಕಚ್ಚಿಕೊಂಡೇ ನನ್ನನ್ನು ಬೈಯುತ್ತಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆ ಕನ್ನಡಿ ನೋಡಿಕೊಂಡು, "ಖುಷಿಪಡು ಕಣೇ, ಇನ್ಮೇಲೆ ನಿಂಗೆ ಅರ್ಧ ಬೈಗುಳ ಮಾತ್ರ" ಅಂದರು. ನನಗೆ ನಗು ಬರಲಿಲ್ಲ. ಆ ಕಣ್ಣು ಕೆಂಡದ ಹಾಗಿತ್ತು. ಒಳಗೆ ಮರಳು ಬಿದ್ದಂತೆ ಚುಚ್ಚುತ್ತದೆ ಎಂದು ಅತ್ತೆ ಹೇಳಿದ್ದು ನಾನು ಮೂರು ಸಲ ಕೇಳಿದ ಮೇಲೆ.

ಕಣ್ಣಿನ ವಿಭಾಗಕ್ಕೆ ಫೋನ್ ಮಾಡಿದೆ.

"ಡಿಸ್ಚಾರ್ಜ್ ಶೀಟಲ್ಲಿ ಮುಖದ್ದು ಏನೂ ಇಲ್ವಲ್ಲ" ಅಂದ ಅಲ್ಲಿನ ಗುಮಾಸ್ತ. "ಆಪರೇಷನ್‌ನಿಂದ ಆಗಿದ್ದು ಅಂತ ಬರೆದಿದ್ರೆ ಇವತ್ತೇ ನೋಡ್ತಾರೆ. ಇಲ್ದಿದ್ರೆ ಹೊಸ ರೋಗಿ, ಸರದಿಯಲ್ಲಿ ಬರ್ಬೇಕು."

ಸರದಿ ಎಂದರೆ ಮುಂದಿನ ತಿಂಗಳ ಕೊನೆ. ಮನೆಗೆ ಕೊಟ್ಟಿದ್ದ ಶೀಟನ್ನು ಬಿಡಿಸಿ ಓದಿದೆ. ಗಡ್ಡೆ ಪೂರ್ತಿ ತೆಗೆಯಲಾಗಿದೆ, ಮುಖದ ನರ ಉಳಿಸಲಾಗಿದೆ, ರೋಗಿ ಚೆನ್ನಾಗಿದ್ದಾರೆ. ನನಗೆ ಪಿತ್ತ ನೆತ್ತಿಗೇರಿತು. ನರ ಉಳಿದಿರಬಹುದು, ಮುಖ ಉಳಿದಿರಲಿಲ್ಲ.

ಬರೆಯದಿದ್ದರೆ ಆಗಿಲ್ಲ, ಇದು ನಮ್ಮ ಕಚೇರಿಯ ಮೊದಲ ಪಾಠ. ಎರಡನೆಯದು, ಬಿಟ್ಟುಹೋದದ್ದನ್ನು ವೈದ್ಯರಿಗೆ ಕೇಳಬಹುದು, ಆದರೆ ಅವರ ಬಾಯಿಗೆ ಮಾತು ತುರುಕಬಾರದು. ಮುಖ ಸೊಟ್ಟಗಾಗಿದೆಯಲ್ಲವೇ ಎಂದು ಕೇಳುವ ಹಾಗಿಲ್ಲ. ನೆಂಟರ ಕಡತ ನಾನು ಮುಟ್ಟುವಂತಿಲ್ಲವಾದ್ದರಿಂದ ನಮ್ಮ ಮೇಡಂ ಪ್ರಶ್ನೆ ಕಳಿಸಿದರು: "ಆಪರೇಷನ್ ನಂತರ ರೋಗಿಯ ಮುಖದ ಸ್ಥಿತಿಯ ಕುರಿತು ಏನಾದರೂ ಇದ್ದಲ್ಲಿ ದಯವಿಟ್ಟು ಸ್ಪಷ್ಟಪಡಿಸಿ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೆಳಗೆ ಆರಿಸಿಕೊಳ್ಳಲು ನಾಲ್ಕು ಉತ್ತರ. ಸರ್ಜನ್ ಕೊನೆಯದನ್ನು ಒತ್ತಿ ಕಳಿಸಿದ್ದರು. "ಹೇಳಲಾಗದು."

ಹೇಳಲಾಗದಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನಮ್ಮಲ್ಲಿ ಕನ್ನಡಿಯೂ ಬೇಕು, ಕನ್ನಡಿಗೆ ಸಹಿಯೂ ಬೇಕು.

"ಇನ್ನೊಂದ್ಸಲ ಕಳಿಸೋಣ" ಅಂದರು ಮೇಡಂ. "ಒಂದು ವಾರದಲ್ಲಿ ಉತ್ತರ ಬರುತ್ತೆ."

"ಅಷ್ಟರಲ್ಲಿ ಅವರ ಕಣ್ಣು ಹೋಗಿರುತ್ತೆ!"

"ಕೂಗ್ಬೇಡಿ. ನಿಯಮ ನಿಮಗೂ ಗೊತ್ತು."

"ಗೊತ್ತು. ಅದು ಕೋಡರ್‌ಗೆ. ಸೊಸೆಗೆ ಆ ನಿಯಮ ಇಲ್ಲ."

ಕೊರಳಿನ ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲೆ ಎಸೆದೆ. ಮನೆಗೆ ಹೋಗಿ ಅತ್ತೆಯನ್ನು ಕರೆತಂದು ಸರ್ಜನ್ ಕೋಣೆಯ ಬಾಗಿಲು ತಳ್ಳಿದೆ.

"ಏನಮ್ಮಾ, ಆರಾಮಾ?" ಅಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಆರಾಮಾಗಿ ಕಾಣ್ತಾರಾ?" ಅಂದೆ ನಾನು.

"ನೋಡಿ, ಸಾಧು ಗಡ್ಡೆ. ಕ್ಯಾನ್ಸರ್ ಆಗಿದ್ದಿದ್ರೆ ಏನ್ ಮಾಡ್ತಿದ್ರಿ? ನರ ಉಳಿಸಿದ್ದೀನಿ, ನಿಧಾನಕ್ಕೆ ಸರಿಹೋಗುತ್ತೆ."

"ಅಲ್ಲೀವರೆಗೆ ಕಣ್ಣಿನ ಗತಿ? ಮುಖ ಸೊಟ್ಟಗಾಗಿದೆ, ಕಣ್ಣು ಮುಚ್ಚಲ್ಲ, ಆಪರೇಷನ್‌ನಿಂದಾನೇ ಆಗಿದ್ದು. ಹಾಗಂತ ಬರೀರಿ!" ಇಷ್ಟು ವರ್ಷ ನುಂಗಿಕೊಂಡ ಮಾತನ್ನೆಲ್ಲ ಅವರ ಬಾಯಿಗೆ ತುರುಕಿದೆ.

"ನಾನೇನು ಬರೀಬೇಕು ಅಂತ ನೀವು ಹೇಳೋ ಹಾಗಿಲ್ಲ. ದಾಖಲೆ ವಿಭಾಗದವರಲ್ವಾ ನೀವು?" ಅಂದರು. ಪುಣ್ಯಾತ್ಮನಿಗೆ ನಿಯಮ ಚೆನ್ನಾಗಿಯೇ ಗೊತ್ತಿತ್ತು.

"ಲೇ, ನೀ ಸುಮ್ನಿರು" ಎಂದು ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಕೈಚೀಲದಿಂದ ಡಬ್ಬಿ ತೆಗೆದು, ಒಂದು ಹಿಡಿ ಗುಂಡುಸೂಜಿಯನ್ನು ಯಾವತ್ತಿನಂತೆ ತುಟಿಗಳ ನಡುವೆ ಸಾಲಾಗಿ ಇಟ್ಟುಕೊಂಡರು. ಬಲಗಡೆಯವು ನಿಂತವು. ಎಡಗಡೆಯವು ಎಂಜಲಿನ ಜೊತೆ ಸರ್ಜನ್‌ನ ಕೀಬೋರ್ಡಿನ ಮೇಲೆ ಉದುರಿದವು. ಉಳಿದವನ್ನು ಅತ್ತೆ ಕೈಗೆ ತೆಗೆದುಕೊಂಡರು.

"ಡಾಕ್ಟ್ರೇ, ಇದಕ್ಕೆ ಏನಂತಾರೆ? ನಾನೇನೂ ಹೇಳಲ್ಲ. ನೀವೇ ನೋಡಿ ಹೇಳಿ."

ಬಾಯಿಗೆ ಒಂದು ಮಾತೂ ತುರುಕದ ಅಂಥ ಪ್ರಶ್ನೆಯನ್ನು ನಮ್ಮ ಕಚೇರಿಯಲ್ಲಿ ಯಾರೂ ಬರೆದಿಲ್ಲ. ಸರ್ಜನ್ ಮೊದಲ ಸಲ ಅತ್ತೆಯ ಮುಖ ನೋಡಿದರು. ಕಣ್ಣು ಮುಚ್ಚಲು ಹೇಳಿದರು. ಬಲಗಣ್ಣು ಮುಚ್ಚಿತು. ಎಡರೆಪ್ಪೆ ಇದ್ದಲ್ಲೇ ಇತ್ತು, ಗುಡ್ಡೆ ಮಾತ್ರ ಮೇಲಕ್ಕೆ ಹೊರಳಿ ಬಿಳಿ ಕಂಡಿತು. ಅವರು ಸೂಜಿಗಳನ್ನು ಪಕ್ಕಕ್ಕೆ ಸರಿಸಿ ಟೈಪ್ ಮಾಡಿದರು: ಆಪರೇಷನ್ ನಂತರ ಮುಖದ ಎಡ ನರದ ದೌರ್ಬಲ್ಯ, ಎಡಗಣ್ಣು ಮುಚ್ಚುತ್ತಿಲ್ಲ. ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಅವತ್ತೇ ಕಣ್ಣಿನ ಡಾಕ್ಟರು ನೋಡಿದರು. ಕಪ್ಪುಗುಡ್ಡೆಯ ಮೇಲೆ ಆಗಲೇ ಬಿಳಿ ಕಲೆ ಕೂತಿತ್ತು. "ಮೊದಲೇ ಬಂದಿದ್ರೆ ಇದು ಆಗ್ತಿರ್ಲಿಲ್ಲ" ಅಂದರು. ಮೊದಲೇ! ಯಾರ ಕುತ್ತಿಗೆ ಹಿಡಿಯಲಿ ನಾನು? ಇನ್ನಷ್ಟು ಒಣಗದಿರಲಿ ಎಂದು ಅವರು ರೆಪ್ಪೆಗಳ ಅಂಚು ಸೇರಿಸಿ ಹೊಲಿದರು.

ಮನೆಯಲ್ಲಿ ಅತ್ತೆ ಕನ್ನಡಿ ಹತ್ತಿರ ಹಿಡಿದು ಪರೀಕ್ಷೆ ಮಾಡಿದರು. "ಹೊಲಿಗೆ ನೋಡೇ, ಒಂದು ಅಲ್ಲಿ, ಒಂದು ಇಲ್ಲಿ. ನನ್ನ ಅಂಗಡಿಯಲ್ಲಾಗಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ."

ಆಮೇಲೆ ಮಿಷಿನ್ ಮುಂದೆ ಕೂತರು. ದಾರದ ತುದಿ ಒದ್ದೆ ಮಾಡಿ ಸೂಜಿಗೆ ಹಿಡಿದರು, ತಪ್ಪಿತು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಒಂದೇ ಕಣ್ಣಿಗೆ ಹತ್ತಿರ ದೂರ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗದೆ, ಸೂಜಿ ದಾರ ಎರಡನ್ನೂ ಹಿಂದಕ್ಕೆ ಚಾಚಿದರು.

"ಪೋಣಿಸ್ಕೊಡು."

ನಾನು ಈ ಮನೆಗೆ ಬಂದಮೇಲೆ ಅವರು ನನ್ನಿಂದ ಸಹಾಯ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ, ಸೂಜಿಯ ಕಣ್ಣು ನನಗೂ ಕಾಣಲಿಲ್ಲ.

"ಎರಡು ಕಣ್ಣಿದ್ದೂ ಕುರುಡಿ" ಎಂದು ಶುರುಮಾಡಿದರು ಅತ್ತೆ. ಅರ್ಧ ಬಾಯಲ್ಲೇ ಪೂರ್ತಿ ಬೈದರು.